ಸಹಕಾರ ಸಂಘಗಳಿಗೆ ಸೈಬರ್ ಮುಂಜಾಗ್ರತೆಯ ತಂತ್ರಾಂಶ: ನಮ್ಮ ಸಣ್ಣ ಕಂಪನಿ ಯಾವ ದಾರಿ ಹಿಡಿಯಬೇಕು?

ತುಂಗಾತಟ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ವಿನೋಬನಗರದ ಬಾಡಿಗೆ ಮಹಡಿಯೊಂದರಲ್ಲಿ ನಾವು ಆರು ಜನ ನಡೆಸುತ್ತಿರುವ ತಂತ್ರಾಂಶ ಕಂಪನಿಗೆ ಈ ಮಳೆಗಾಲಕ್ಕೆ ಮೂರು ವರ್ಷ ತುಂಬಲಿದೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇದು ಜಾಹೀರಾತಲ್ಲ, ಸಲಹೆ ಕೇಳಲು ಬರೆದದ್ದು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು, ಅಡಿಕೆ ಮಂಡಿಗಳು, ಒಂದೆರಡು ಶಾಲೆಗಳು ಹೀಗೆ ಒಟ್ಟು 23 ಕಚೇರಿಗಳು ನಮ್ಮ ಸೇವೆಯನ್ನು ಪಡೆಯುತ್ತಿವೆ. ದಾಳಿ ನಡೆದ ಮೇಲೆ ತನಿಖೆ ಮಾಡುವುದು ನಮ್ಮ ಕಸುಬಲ್ಲ, ದಾಳಿಕೋರನು ಒಳಬರುವ ದಾರಿಗಳನ್ನು ಮೊದಲೇ ಹುಡುಕಿ ಮುಚ್ಚುವುದಷ್ಟೇ ನಮ್ಮ ಕೆಲಸ.

ಸದ್ಯಕ್ಕೆ ನಮ್ಮಲ್ಲಿ ಮೂರು ಸಾಧನಗಳಿವೆ. ಮೊದಲನೆಯದು ಡಿಎನ್‌ಎಸ್ ಸೋಸುವಿಕೆ, ಅಂದರೆ ಕಚೇರಿಯ ಕಂಪ್ಯೂಟರ್ ಯಾವುದೇ ಜಾಲತಾಣದ ವಿಳಾಸವನ್ನು ಕೇಳಿದಾಗ ಅದು ವಂಚಕರ ತಾಣವೆಂದು ಗೊತ್ತಿದ್ದರೆ ಉತ್ತರವನ್ನೇ ಕೊಡದಿರುವುದು. ಎರಡನೆಯದು, ಕಂಪ್ಯೂಟರಿನ ಸ್ಥಿತಿಯನ್ನು ಓದಿ ವರದಿ ಮಾಡುವ ಚಿಕ್ಕ ತಂತ್ರಾಂಶ. ಅಪ್‌ಡೇಟ್ ಆಗಿ ಎಷ್ಟು ದಿನವಾಯಿತು, ದೂರದಿಂದ ಪ್ರವೇಶಿಸುವ ದಾರಿ ತೆರೆದಿದೆಯೇ, ದಿನನಿತ್ಯದ ಕೆಲಸ ಅಡ್ಮಿನ್ ಖಾತೆಯಲ್ಲೇ ನಡೆಯುತ್ತಿದೆಯೇ ಎಂಬುದನ್ನು ಅದು ನೋಡುತ್ತದೆಯೇ ಹೊರತು ಏನನ್ನೂ ಬದಲಿಸುವುದಿಲ್ಲ. ಮೂರನೆಯದು ಬ್ಯಾಕಪ್ ಪರೀಕ್ಷೆ: ಬ್ಯಾಕಪ್ ಆಗಿದೆಯೇ ಎಂದು ಕೇಳುವುದರ ಬದಲು, ಮೂರು ತಿಂಗಳಿಗೊಮ್ಮೆ ಅದನ್ನು ಖಾಲಿ ಯಂತ್ರವೊಂದರ ಮೇಲೆ ಮರಳಿ ತಂದು ಲೆಕ್ಕ ತಾಳೆಯಾಗುತ್ತದೆಯೇ ಎಂದು ನೋಡುವುದು.

ಇಷ್ಟು ಸಾಲದು ಎಂಬ ಮಾತು ಗ್ರಾಹಕರಿಂದ ಬರುತ್ತಿದೆ. ಅನುಮಾನಾಸ್ಪದ ಕಾರ್ಯವನ್ನು ತಾನಾಗಿಯೇ ನಿಲ್ಲಿಸುವ, ಕಡತವನ್ನು ತಾನಾಗಿಯೇ ಬೇರ್ಪಡಿಸುವ, ಅಗತ್ಯವಿದ್ದರೆ ನಾವು ಶಿವಮೊಗ್ಗದಲ್ಲಿ ಕುಳಿತೇ ಯಂತ್ರವನ್ನು ಹಿಡಿತಕ್ಕೆ ತೆಗೆದುಕೊಳ್ಳಬಲ್ಲ ಪೂರ್ಣ ಪ್ರಮಾಣದ ರಕ್ಷಕ ತಂತ್ರಾಂಶ ಬೇಕು ಎನ್ನುತ್ತಿದ್ದಾರೆ. ನಮ್ಮಲ್ಲಿ ಮೂವರು ಇದನ್ನು ಮಾಡೋಣ ಎನ್ನುತ್ತಾರೆ, ಇನ್ನು ಮೂವರು ಬೇಡ ಎನ್ನುತ್ತಾರೆ. ನಾನು ಯಾವ ಕಡೆಯವನೆಂದು ಈಗಲೇ ಹೇಳುವುದಿಲ್ಲ. ಈ ಕಚೇರಿಗಳ ಒಳಗಿರುವವರು ಮತ್ತು ಈ ವಿದ್ಯೆಯನ್ನು ಬಲ್ಲವರು ತಮ್ಮ ಅಭಿಪ್ರಾಯವನ್ನು ತಿಳಿಸಬೇಕೆಂದು ವಿನಂತಿ.

ಸಂಘದ ಕಾರ್ಯದರ್ಶಿ, ತೀರ್ಥಹಳ್ಳಿ ತಾಲ್ಲೂಕು

ತುಂಗಾತಟ ಅವರೇ, ನಮ್ಮ ಕಚೇರಿಯ ಚಿತ್ರಣವನ್ನು ಮೊದಲು ಕೊಡುತ್ತೇನೆ, ಏಕೆಂದರೆ ಅದನ್ನು ನೋಡದೆ ಯಾವ ಸಾಧನದ ಚರ್ಚೆಯೂ ನೆಲ ಮುಟ್ಟುವುದಿಲ್ಲ. ನಾಲ್ಕು ಕಂಪ್ಯೂಟರ್, ಒಂದು ಪ್ರಿಂಟರ್, ಸಾಲ ಮತ್ತು ಠೇವಣಿಯ ತಂತ್ರಾಂಶ, ಗೊಬ್ಬರದ ಮಾರಾಟಕ್ಕೆ ಒಂದು ಯಂತ್ರ, ಪಡಿತರಕ್ಕೆ ಬೆರಳಚ್ಚಿನ ಯಂತ್ರ. ಸಂಘದ ಇಮೇಲ್ ಎಂದರೆ ಉಚಿತ ಜಿಮೇಲ್ ಖಾತೆ. ಅದರ ಪಾಸ್‌ವರ್ಡ್ ಮರೆತರೆ ಒಟಿಪಿ ಬರುವುದು ನನ್ನ ಹಿಂದಿನ ಕಾರ್ಯದರ್ಶಿಯವರ ಮೊಬೈಲಿಗೆ. ಅವರು ನಿವೃತ್ತರಾಗಿ ಮಗಳ ಮನೆಗೆ ಹೋಗಿ ಎರಡು ವರ್ಷವಾಯಿತು. ಡಿಜಿಟಲ್ ಸಹಿಯ ಟೋಕನ್ ಬೆಳಿಗ್ಗೆಯಿಂದ ಸಂಜೆಯವರೆಗೂ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುತ್ತದೆ, ಅದರ ಪಿನ್ ಸಂಖ್ಯೆ ಪರದೆಯ ಅಂಚಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಬ್ಯಾಕಪ್ ತೆಗೆದುಕೊಳ್ಳುವ ಹಾರ್ಡ್‌ಡಿಸ್ಕ್ ಕೂಡ ಹಾಗೆಯೇ ಸದಾ ಚುಚ್ಚಿಕೊಂಡಿತ್ತು.

ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ, ಏಕೆಂದರೆ ನೆರೆಯ ನಾಲ್ಕು ಸಂಘಗಳ ಸ್ಥಿತಿ ಇದಕ್ಕಿಂತ ಭಿನ್ನವಾಗಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಈಗ ಹೇಳಿ, ನಿಮ್ಮ ಪೂರ್ಣ ಪ್ರಮಾಣದ ರಕ್ಷಕ ನಮ್ಮ ಚೀಟಿಯನ್ನು ಕೀಳುತ್ತದೆಯೇ?

ಯಂತ್ರ ದುರಸ್ತಿ, ಸಾಗರ

ಕಾರ್ಯದರ್ಶಿಯವರು ಬರೆದದ್ದು ಅಕ್ಷರಶಃ ನಿಜ. ನಾನು ಸಾಗರ, ಹೊಸನಗರ, ಸೊರಬದ ಕಡೆ ಹದಿನಾರು ವರ್ಷಗಳಿಂದ ಕಂಪ್ಯೂಟರ್ ದುರಸ್ತಿ ಮಾಡುತ್ತಿದ್ದೇನೆ. ಅಪ್‌ಡೇಟ್ ಏಕೆ ಆಗಿರುವುದಿಲ್ಲ ಎಂಬುದಕ್ಕೆ ನಾನು ಕಂಡ ಕಾರಣಗಳನ್ನು ಹೇಳುತ್ತೇನೆ. ಒಮ್ಮೆ ಅಪ್‌ಡೇಟ್ ಆದ ಮೇಲೆ ಪಾಸ್‌ಬುಕ್ ಪ್ರಿಂಟರ್ ನಿಂತುಹೋಯಿತು, ಆ ದಿನ ಕೌಂಟರಿನಲ್ಲಿ ಗಲಾಟೆಯಾಯಿತು, ಅಂದಿನಿಂದ ಅಪ್‌ಡೇಟನ್ನೇ ಶಾಶ್ವತವಾಗಿ ನಿಲ್ಲಿಸಿಬಿಟ್ಟರು. ಇನ್ನೊಂದು ಕಡೆ ಮರ ಬಿದ್ದು ಕೇಬಲ್ ತುಂಡಾಗಿ ವಾರಗಟ್ಟಲೆ ಮೊಬೈಲ್ ಡೇಟಾದಲ್ಲೇ ಕೆಲಸ ನಡೆಯುತ್ತದೆ, ಅದರಲ್ಲಿ ಗಾತ್ರದ ಅಪ್‌ಡೇಟ್ ಇಳಿಯುವುದಿಲ್ಲ. ಜೊತೆಗೆ ಯಂತ್ರಗಳೇ ಹಳೆಯವು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ಮುಗಿದಿದ್ದರೂ ಅದು ಓಡುತ್ತಿರುವ ಯಂತ್ರಗಳನ್ನು ನಾನು ಈಗಲೂ ಕಾಣುತ್ತೇನೆ. ವಿಂಡೋಸ್ 10ರ ಉಚಿತ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಈ ಹಳೆಯ ಯಂತ್ರಗಳಲ್ಲಿ ಇಲ್ಲ. ಹೊಸ ಯಂತ್ರ ಕೊಳ್ಳಲು ಆಡಳಿತ ಮಂಡಳಿಯ ಠರಾವು ಬೇಕು, ಠರಾವಿಗೆ ಸಭೆ ಬೇಕು.

ಬ್ಯಾಕಪ್ ವಿಚಾರದಲ್ಲಿ ಒಂದು ಮಾತು. ನಮ್ಮ ಕಡೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರಿಗಿಂತ ಹೆಚ್ಚು ಡಿಸ್ಕುಗಳನ್ನು ಏಪ್ರಿಲ್-ಮೇ ತಿಂಗಳ ಸಿಡಿಲು ತಿಂದಿದೆ. ಕಪಾಟಿನಲ್ಲಿಟ್ಟ ಡಿಸ್ಕಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಚುಚ್ಚಿಟ್ಟ ಡಿಸ್ಕಿಗೆ ಸಿಡಿಲು ಬಡಿಯುತ್ತದೆ. ಹಾಗಾಗಿ ಬ್ಯಾಕಪ್ ಪರೀಕ್ಷೆಯನ್ನು ಕೈಬಿಡಬೇಡಿ, ನಿಮ್ಮ ಮೂರು ಸಾಧನಗಳಲ್ಲಿ ನನಗೆ ಹಣ ಕೊಡಬೇಕೆನಿಸುವುದು ಅದೊಂದಕ್ಕೇ.

ಕೊಪ್ಪದಿಂದ ದೂರಕೆಲಸ

ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಇದೇ ಕ್ಷೇತ್ರದಲ್ಲಿದ್ದು, ಈಗ ಕೊಪ್ಪದ ಮನೆಯಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಪೂರ್ಣ ಪ್ರಮಾಣದ ರಕ್ಷಕವನ್ನು ನೀವು ಮಾಡಬೇಡಿ. ನಿಮ್ಮ ಸಾಮರ್ಥ್ಯದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅಂಥ ತಂತ್ರಾಂಶ ಕೆಲಸ ಮಾಡಲು ಯಂತ್ರದ ಅತ್ಯಂತ ಒಳಗಿನ ಅಧಿಕಾರವನ್ನು ಕೇಳುತ್ತದೆ, ಆ ಅಧಿಕಾರ ಒಮ್ಮೆ ನಿಮ್ಮ ಕೈಗೆ ಬಂದಿತೆಂದರೆ 23 ಕಚೇರಿಗಳ ಅತಿ ದೊಡ್ಡ ಅಪಾಯ ನೀವೇ ಆಗುತ್ತೀರಿ.

ಎರಡು ಘಟನೆಗಳನ್ನು ನೆನಪಿಸುತ್ತೇನೆ, ಎರಡೂ 2024ರ ಜುಲೈ ತಿಂಗಳಿನವು. ಜುಲೈ 19ರಂದು ಭದ್ರತಾ ತಂತ್ರಾಂಶದ ಕಂಪನಿಯಾದ ಕ್ರೌಡ್‌ಸ್ಟ್ರೈಕ್ ತನ್ನ ರಕ್ಷಕ ತಂತ್ರಾಂಶಕ್ಕೆ ಕಳುಹಿಸಿದ ದೋಷಪೂರಿತ ಅಪ್‌ಡೇಟ್ ಒಂದರಿಂದ, ಮೈಕ್ರೋಸಾಫ್ಟ್ ಕೊಟ್ಟ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಅದು ದಾಳಿಯಾಗಿರಲಿಲ್ಲ, ದಾಳಿಯನ್ನು ತಡೆಯಲೆಂದು ಕೂರಿಸಿದ ಸಾಧನವೇ ಯಂತ್ರಗಳನ್ನು ಕೆಡವಿತು. ಅಷ್ಟು ದೊಡ್ಡ ಕಂಪನಿಯಲ್ಲಿ ಆ ತಪ್ಪು ಆಗುವುದಾದರೆ ಆರು ಜನರಲ್ಲಿ ಅದು ಆಗುವುದಿಲ್ಲವೆಂದು ಯಾರು ಹೇಳಬಲ್ಲರು?

ಎರಡನೆಯದು ಇಲ್ಲಿರುವವರಿಗೆ ಇನ್ನೂ ಹತ್ತಿರದ್ದು. ಅದೇ ತಿಂಗಳ ಕೊನೆಯಲ್ಲಿ, ಸಹಕಾರಿ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ವ್ಯವಸ್ಥೆಯ ಮೇಲೆ ರಾನ್ಸಮ್‌ವೇರ್ ದಾಳಿಯಾದಾಗ ರಾಷ್ಟ್ರೀಯ ಪಾವತಿ ನಿಗಮವು ಅದನ್ನು ತನ್ನ ಜಾಲದಿಂದ ಬೇರ್ಪಡಿಸಬೇಕಾಯಿತು, ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆಗಳು ನಿಂತವು. ಒಂದೊಂದು ಬ್ಯಾಂಕಿನ ಬಾಗಿಲನ್ನೂ ಯಾರೂ ಒಡೆಯಲಿಲ್ಲ. ಎಲ್ಲ ಬ್ಯಾಂಕುಗಳೂ ಸೇವೆ ಪಡೆಯುತ್ತಿದ್ದ ಒಂದೇ ಕಡೆ ಪೆಟ್ಟು ಬಿದ್ದಿತು, ಅಷ್ಟೇ ಸಾಕಾಯಿತು. ದಾಳಿಕೋರನ ದೃಷ್ಟಿಯಿಂದ ನೋಡಿ: ತೀರ್ಥಹಳ್ಳಿಯ ಸಂಘವೊಂದನ್ನು ಹೊಕ್ಕರೆ ಒಂದು ಸಂಘ, ನಿಮ್ಮ ಸರ್ವರನ್ನು ಹೊಕ್ಕರೆ 23.

ಇನ್ನೊಂದು ಪ್ರಶ್ನೆಯಿದೆ. 9.9.9.9 ಎಂಬ ವಿಳಾಸದಲ್ಲಿ ಕ್ವಾಡ್‌ನೈನ್ 2017ರಿಂದ ಡಿಎನ್‌ಎಸ್ ಸೋಸುವಿಕೆಯನ್ನು ಉಚಿತವಾಗಿಯೇ ಮಾಡುತ್ತಿದೆ. ನೀವು ಅದಕ್ಕೆ ಹಣ ಪಡೆಯುವುದು ಯಾವ ಆಧಾರದ ಮೇಲೆ?

ತುಂಗಾತಟ, ಶಿವಮೊಗ್ಗ

ಕೊಪ್ಪದವರ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಅದು ನಮಗೆ ಎಲ್ಲಕ್ಕಿಂತ ಕಿರಿಕಿರಿಯ ಪ್ರಶ್ನೆ. ನಾವು ಸೇರಿಸುವುದು ಎರಡನ್ನು. ನಮ್ಮ ಭಾಗದ ವಾಟ್ಸ್‌ಆಪ್ ಗುಂಪುಗಳಲ್ಲಿ ಹರಿದಾಡುವ ವಂಚನೆಯ ಕೊಂಡಿಗಳನ್ನು, ಬೆಳೆ ವಿಮೆ, ಕಿಸಾನ್ ಸಮ್ಮಾನ್, ವಿದ್ಯುತ್ ಬಿಲ್ಲಿನ ಹೆಸರಿನವನ್ನು, ಕೈಯಿಂದಲೇ ಪಟ್ಟಿಗೆ ಸೇರಿಸುತ್ತೇವೆ. ಹಾಗೆಯೇ, ಯಾವ ಕಚೇರಿಯಿಂದ ಅಂಥ ಕೊಂಡಿಯನ್ನು ಒತ್ತಲಾಯಿತೋ ಆ ಕಚೇರಿಗೆ ಅದೇ ದಿನ ಕರೆ ಮಾಡುತ್ತೇವೆ. ಹಣ ಆ ಕರೆಗೆ, ಸೋಸುವಿಕೆಗಲ್ಲ. ಇದನ್ನು ನಾವು ಬಿಲ್ಲಿನಲ್ಲಿ ಹಾಗೆಯೇ ಬರೆಯಬೇಕಿತ್ತು, ಬರೆದಿಲ್ಲ.

ಇನ್ನು ನೀವೇ ಅಪಾಯವಾಗುತ್ತೀರಿ ಎಂಬ ಮಾತು. ಅದು ನಮಗೆ ಪುಸ್ತಕದ ಮಾತಲ್ಲ. ಕಳೆದ ಜುಲೈನ ಒಂದು ರಾತ್ರಿ ಮಳೆಗೆ ನಮ್ಮ ಮಹಡಿಯ ವಿದ್ಯುತ್ ಹೋಗಿ, ಯುಪಿಎಸ್ ಬರಿದಾಗಿ, ಸೋಸುವ ಸರ್ವರ್ ನಿಂತಿತು. ಅದರ ಜೋಡಿ ಸರ್ವರ್ ಬೆಂಗಳೂರಿನಲ್ಲಿದ್ದರೂ ಅದಕ್ಕೆ ತಾನಾಗಿ ದಾಟಿಕೊಳ್ಳುವ ವ್ಯವಸ್ಥೆಯನ್ನು ಒಂಬತ್ತು ಕಚೇರಿಗಳ ರೂಟರಿನಲ್ಲಿ ನಾವು ಬರೆದೇ ಇರಲಿಲ್ಲ. ಮರುದಿನ ಬೆಳಿಗ್ಗೆ ಆ ಒಂಬತ್ತೂ ಕಚೇರಿಗಳಲ್ಲಿ ಇಂಟರ್ನೆಟ್ ಇದ್ದೂ ಇಲ್ಲದಂತಾಯಿತು, ಒಂದು ಮಂಡಿಯಲ್ಲಿ ಬೆಳೆಗಾರರಿಗೆ ಹಣ ಪಾವತಿಸುವುದು ಮಧ್ಯಾಹ್ನದವರೆಗೆ ನಿಂತಿತು. ಅವರು ಒಬ್ಬರೂ ಬೈಯಲಿಲ್ಲ, ಬಿಎಸ್‌ಎನ್‌ಎಲ್ ಲೈನ್ ಹೋಗಿರಬೇಕು ಎಂದುಕೊಂಡರಂತೆ. ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಈಗ ನಮ್ಮ ಎರಡೂ ಸರ್ವರ್ ಬಿದ್ದರೆ ರೂಟರ್ ನೇರವಾಗಿ ಕ್ವಾಡ್‌ನೈನಿಗೆ ಹೋಗುತ್ತದೆ.

ತೋಟದ ಮನೆ, ಹೊಸನಗರ

ನನಗೆ ಕಂಪ್ಯೂಟರಿನ ಒಳಗಿನ ವಿದ್ಯೆ ತಿಳಿಯದು, ನಮ್ಮ ಸಂಘದ ನಿರ್ದೇಶಕರಲ್ಲಿ ಒಬ್ಬನಾಗಿ ಬರೆಯುತ್ತಿದ್ದೇನೆ. ಮಳೆ ಹಿಡಿಯುವ ಮೊದಲು, ಕೊಳೆರೋಗ ಬಾರದಂತೆ, ಅಡಿಕೆ ಗೊನೆಗೆ ಶೇ 1ರ ಬೋರ್ಡೋ ದ್ರಾವಣ ಹೊಡೆಸುತ್ತೇವೆ, 40-45 ದಿನ ಬಿಟ್ಟು ಮತ್ತೊಮ್ಮೆ ಹೊಡೆಸುತ್ತೇವೆ, ಹಿಂದಿನವರು ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ಕೊಳೆ ಬಂದ ಮೇಲೆ ಹೊಡೆದರೆ ಉದುರಿದ ಕಾಯಿ ಮರ ಹತ್ತುವುದಿಲ್ಲ. ಕೊಳೆ ಬಾರದ ವರ್ಷ ಔಷಧಿಯ ಖರ್ಚು ದಂಡವಾಯಿತೆಂದು ಯಾವ ಬೆಳೆಗಾರನೂ ಹೇಳುವುದಿಲ್ಲ. ಹೀಗಿರುವಾಗ ಇದೇ ಬೆಳೆಗಾರರು ಸಂಘದ ಸಭೆಯಲ್ಲಿ ಕುಳಿತಾಗ ಮಾತ್ರ ಏನೂ ಆಗಿಲ್ಲವಲ್ಲ, ಈ ಖರ್ಚು ಏಕೆ ಎಂದು ಕೇಳುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಕೊಪ್ಪದಿಂದ ದೂರಕೆಲಸ

ಹೊಸನಗರದವರೇ, ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಕೊಳೆರೋಗವು ನೀವು ಯಾವ ಮರಕ್ಕೆ ಹೊಡೆದಿದ್ದೀರಿ, ಯಾವುದನ್ನು ಬಿಟ್ಟಿದ್ದೀರಿ ಎಂದು ಬೇಲಿಯಾಚೆ ನಿಂತು ನೋಡುವುದಿಲ್ಲ. ಇಲ್ಲಿ ಎದುರಾಳಿ ನೋಡುತ್ತಾನೆ. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸಿನ ಕಡತ ಹಂಚಿಕೆಯ ದೋಷಕ್ಕೆ ಪರಿಹಾರ ಬಿಡುಗಡೆ ಮಾಡಿತು. ಮೇ 12ರಂದು ಅದೇ ದೋಷವನ್ನು ಬಳಸಿಕೊಂಡು ವಾನಾಕ್ರೈ ಎಂಬ ರಾನ್ಸಮ್‌ವೇರ್ 150ಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಎರಡು ತಿಂಗಳ ಹಿಂದೆಯೇ ಔಷಧಿ ಅಂಗಡಿಯಲ್ಲಿತ್ತು, ಹೊಡೆಯದೆ ಬಿಟ್ಟ ಯಂತ್ರಗಳನ್ನೇ ಅದು ಹುಡುಕಿಕೊಂಡು ಹೋಯಿತು.

ಆದರೂ ನಿಮ್ಮ ಹೋಲಿಕೆಯಲ್ಲಿ ಒಂದಂಶವನ್ನು ಒಪ್ಪುತ್ತೇನೆ. ಅಂಟು ಬೆರೆಸದೆ, ಮಳೆಯ ನಡುವೆ, ಹೊಡೆದ ಲೆಕ್ಕಕ್ಕೆಂದು ಹೊಡೆಯುವವರಿದ್ದಾರಲ್ಲ, ನಮ್ಮ ಕ್ಷೇತ್ರದ ಅರ್ಧದಷ್ಟು ಕೆಲಸ ಹಾಗೆಯೇ ನಡೆಯುತ್ತದೆ.

ನಿವೃತ್ತ ಲೆಕ್ಕಿಗ, ಶಿವಮೊಗ್ಗ

ಸಹಕಾರಿ ಬ್ಯಾಂಕೊಂದರಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನಾಗಿ ನಿಯಮಗಳ ಕುರಿತು ಕೆಲವು ಮಾತುಗಳನ್ನು ಸೇರಿಸಬಯಸುತ್ತೇನೆ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಎಟಿಎಂ ವ್ಯವಸ್ಥೆಗೆ ಕುತಂತ್ರಾಂಶ ಹೊಗಿಸಿ, ಎರಡೇ ದಿನಗಳ ವಹಿವಾಟಿನಲ್ಲಿ ಸುಮಾರು 94 ಕೋಟಿ ರೂಪಾಯಿಯನ್ನು ದೋಚಲಾಯಿತು. ಅದರಲ್ಲಿ ಹೆಚ್ಚಿನ ಪಾಲನ್ನು ತೆಗೆದದ್ದು 28 ದೇಶಗಳ ಎಟಿಎಂಗಳಿಂದ. ಅದೇ ವರ್ಷದ ಅಕ್ಟೋಬರ್ 19ರಂದು ರಿಸರ್ವ್ ಬ್ಯಾಂಕು ನಗರ ಸಹಕಾರಿ ಬ್ಯಾಂಕುಗಳಿಗೆ ಮೂಲಭೂತ ಸೈಬರ್ ಭದ್ರತಾ ಚೌಕಟ್ಟನ್ನು ಹೊರಡಿಸಿತು. 2019ರ ಡಿಸೆಂಬರ್ 31ರಂದು, ಬ್ಯಾಂಕಿನ ಡಿಜಿಟಲ್ ಸೇವೆಗಳ ವ್ಯಾಪ್ತಿಗೆ ತಕ್ಕಂತೆ ನಾಲ್ಕು ಹಂತಗಳನ್ನು ನಿಗದಿಪಡಿಸಿತು.

ಆದರೆ ಗಮನಿಸಿ: ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. 1997ರ ಕಾಯ್ದೆಯಡಿ ನೋಂದಣಿಯಾಗುವ ಸೌಹಾರ್ದ ಪತ್ತಿನ ಸಹಕಾರಿಗಳೂ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳಲ್ಲ. ಮೇಲೆ ಹೇಳಿದ ಚೌಕಟ್ಟು ಇವುಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಎಂಬ ವಿಳಾಸಕ್ಕೆ ಬದಲಾಗಬೇಕೆಂಬ ಆದೇಶವೂ ಇಂಥ ಸಂಘಗಳಿಗಲ್ಲ. ಹಳ್ಳಿಯ ಜನರು ಜೀವಮಾನದ ಉಳಿತಾಯ ಇಟ್ಟಿರುವ ಕಡೆಯೇ ನಿಯಮದ ಒತ್ತಡ ಕಡಿಮೆ. ತುಂಗಾತಟ ಅವರ ಕಂಪನಿಗೆ ಜಾಗವಿರುವುದೂ ಅಲ್ಲಿಯೇ, ಹೊಣೆಯಿರುವುದೂ ಅಲ್ಲಿಯೇ.

ಆದರೆ ಎಲ್ಲರಿಗೂ ಅನ್ವಯಿಸುವ ಕಾನೂನುಗಳೂ ಇವೆ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ, ಪಟ್ಟಿಯಲ್ಲಿರುವ ಬಗೆಯ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು ಹಾಗೂ ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಸೂಕ್ತ ಭದ್ರತಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳು 18 ತಿಂಗಳ ನಂತರ ಜಾರಿಗೆ ಬರುತ್ತವೆ. ಸಂಘದ ಸದಸ್ಯರ ಆಧಾರ್, ಪಹಣಿ, ಫೋನ್ ಸಂಖ್ಯೆ ಇವೆಲ್ಲ ವೈಯಕ್ತಿಕ ದತ್ತಾಂಶವೇ.

ಒಂದು ಎಚ್ಚರಿಕೆಯನ್ನೂ ಹೇಳುತ್ತೇನೆ. ನಿಮ್ಮ ಕಂಪನಿ ಸರ್ಟ್-ಇನ್ ಮಾನ್ಯತೆ ಪಡೆದ ಲೆಕ್ಕಪರಿಶೋಧಕರ ಪಟ್ಟಿಯಲ್ಲಿ ಇಲ್ಲದಿದ್ದರೆ, ನಿಮ್ಮ ತಿಂಗಳ ವರದಿಯನ್ನು ಯಾರೂ ಭದ್ರತಾ ಲೆಕ್ಕಪರಿಶೋಧನೆಯೆಂದು ಭಾವಿಸದಂತೆ ವರದಿಯ ಮೊದಲ ಸಾಲಿನಲ್ಲೇ ಬರೆಯಿರಿ.

ಮಂಡಿಯ ಲೆಕ್ಕಪತ್ರ, ಶಿವಮೊಗ್ಗ

ನಿಯಮ ಮತ್ತು ಸರ್ವರಿನ ಮಾತು ಎಷ್ಟಾದರೂ ಆಗಲಿ, ನಮ್ಮ ಮಂಡಿಗೆ ನಿಜವಾಗಿ ಬಂದ ಗಂಡಾಂತರಗಳು ಎರಡೇ, ಮತ್ತು ಅವೆರಡರಲ್ಲೂ ಯಾವ ತಂತ್ರಾಂಶವೂ ನೆರವಿಗೆ ಬರಲಿಲ್ಲ. ನಾನು ರಾಶಿ, ಬೆಟ್ಟೆ, ಗೊರಬಲು ಬಗೆಯ ಅಡಿಕೆಯ ಬಿಲ್ಲು ಬರೆಯುವ ಹೆಂಗಸು, ತಂತ್ರಜ್ಞಳಲ್ಲ.

ಉತ್ತರ ಭಾರತದ ಖರೀದಿದಾರರೊಬ್ಬರೊಂದಿಗೆ ನಮಗೆ ಬಹುಕಾಲದ ವಹಿವಾಟಿದೆ. ಅವರಿಗೆ ಮರಳಿಸಬೇಕಾಗಿದ್ದ ಮುಂಗಡದ ವಿಷಯವಾಗಿ ಇಮೇಲ್ ಬಂತು: ಬ್ಯಾಂಕ್ ಖಾತೆ ಬದಲಾಗಿದೆ, ಹೊಸ ಸಂಖ್ಯೆಗೆ ಕಳುಹಿಸಿ ಎಂದು. ಹಿಂದಿನ ಪತ್ರಗಳ ಸರಣಿಯೂ ಅದರ ಕೆಳಗೇ ಇತ್ತು. ವಿಳಾಸದಲ್ಲಿ ಒಂದೇ ಒಂದು ಅಕ್ಷರ ಬೇರೆಯಾಗಿತ್ತು, ಅದು ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮ ಯಜಮಾನರು ಹಳೆಯ ಕಾಲದವರು. ಖಾತೆ ಬದಲಾದರೆ ಬಾಯಿಮಾತಿನಲ್ಲಿ ಕೇಳಬೇಕು ಎಂದು ಹಳೆಯ ಡೈರಿಯ ಸಂಖ್ಯೆಗೆ ಫೋನ್ ಮಾಡಿಸಿದರು. ಅವರ ಕಡೆ ಯಾವ ಖಾತೆಯೂ ಬದಲಾಗಿರಲಿಲ್ಲ.

ಎರಡನೆಯದು, ನಮ್ಮಲ್ಲಿ ಕೆಲಸ ಮಾಡುವ ಹುಡುಗನ ಮೊಬೈಲಿಗೆ ಮದುವೆ ಕರೆಯೋಲೆಯ ಹೆಸರಿನಲ್ಲಿ ಎಪಿಕೆ, ಅಂದರೆ ಆಪ್ ಅನುಸ್ಥಾಪಿಸುವ, ಕಡತವೊಂದು ಬಂತು. ಅವನು ಅದನ್ನು ಅನುಸ್ಥಾಪಿಸಿದ, ಅದು ಎಸ್‌ಎಂಎಸ್ ಓದುವ ಅನುಮತಿ ಕೇಳಿತು, ಕೊಟ್ಟ. ಒಟಿಪಿಗಳು ಬೇರೆಯವರಿಗೆ ಹೋಗತೊಡಗಿದವು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರಿಂದ ಹೋದ ಹಣದಲ್ಲಿ ಒಂದು ಪಾಲು ಮುಂದಿನ ಖಾತೆಯಲ್ಲೇ ತಡೆಹಿಡಿಯಲ್ಪಟ್ಟಿತು. ಅವನ ಮೊಬೈಲ್ ತನ್ನದೇ ಡೇಟಾದಲ್ಲಿ ಓಡುತ್ತಿದ್ದುದರಿಂದ ಕಚೇರಿಯ ಸೋಸುವಿಕೆ ಅದನ್ನು ಮುಟ್ಟುವಂತೆಯೇ ಇರಲಿಲ್ಲ. ತುಂಗಾತಟ ಅವರೇ, ಈ ಎರಡಕ್ಕೆ ನಿಮ್ಮಲ್ಲಿ ಏನಿದೆ?

ತುಂಗಾತಟ, ಶಿವಮೊಗ್ಗ

ಅಮ್ಮಾ, ನೇರವಾಗಿ ಹೇಳುವುದಾದರೆ ಎರಡನೆಯದಕ್ಕೆ ನಮ್ಮಲ್ಲಿ ಸಾಧನವಿಲ್ಲ. ಸಿಬ್ಬಂದಿಯ ಸ್ವಂತ ಮೊಬೈಲಿಗೆ ನಾವು ಕೈಹಾಕುವುದಿಲ್ಲ, ಕೈಹಾಕಲೂ ಬಾರದು. ಪ್ಲೇ ಸ್ಟೋರಿನ ಹೊರಗಿನಿಂದ ಬಂದ ಆಪ್ ಅನುಸ್ಥಾಪಿಸುವ ಅವಕಾಶವನ್ನು ಮುಚ್ಚುವುದು ಹೇಗೆಂದು ಒಂದು ಗಂಟೆ ಕುಳಿತು ತೋರಿಸಿಕೊಡುತ್ತೇವೆ, ಅಷ್ಟೇ. ಮೊದಲನೆಯದಕ್ಕೆ, ಎದುರಿನವರ ವಿಳಾಸವನ್ನೇ ಹೋಲುವ ಹೊಸ ವಿಳಾಸಗಳನ್ನು ಗುರುತಿಸುವ ಪ್ರಯತ್ನ ನಡೆಯುತ್ತಿದೆ. ಆದರೆ ನಿಮ್ಮ ಯಜಮಾನರ ಫೋನ್ ಕರೆಗೆ ಅದು ಸಮನಲ್ಲ. ಕಳುಹಿಸಿದವರು ಅಸಲಿಯೇ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಮಾರ್ಕ್ ಮೊದಲಾದ ವ್ಯವಸ್ಥೆಗಳೂ ಇಲ್ಲಿ ಸೋಲುತ್ತವೆ, ಏಕೆಂದರೆ ಒಂದಕ್ಷರ ಬದಲಾದ ಆ ವಿಳಾಸ ವಂಚಕನ ಸ್ವಂತದ್ದೇ, ಅವನು ಅದಕ್ಕೆ ಎಲ್ಲ ದಾಖಲೆಗಳನ್ನೂ ಸರಿಯಾಗಿಯೇ ಇಟ್ಟಿರುತ್ತಾನೆ.

ಅಂತಿಮ ವರ್ಷದ ವಿದ್ಯಾರ್ಥಿ, ಶಿವಮೊಗ್ಗ

ನಾವು ಗೆಳೆಯರು ಸೇರಿ ಜಿಲ್ಲೆಯ ಸಂಘಗಳ ಮತ್ತು ಅಂಗಡಿಗಳ ಐಪಿ ವಿಳಾಸಗಳನ್ನು ಸ್ಕ್ಯಾನ್ ಮಾಡಿ, ಎಲ್ಲೆಲ್ಲಿ ಸಿಸಿಟಿವಿ ರೆಕಾರ್ಡರುಗಳು ಕಾರ್ಖಾನೆಯ ಪಾಸ್‌ವರ್ಡಿನಲ್ಲೇ ತೆರೆದಿವೆ ಎಂದು ಪಟ್ಟಿ ಮಾಡಿ ಉಚಿತವಾಗಿ ಕೊಡಬಹುದೇ ಎಂದು ಯೋಚಿಸುತ್ತಿದ್ದೇವೆ. ತುಂಗಾತಟ ಅವರ ಕಂಪನಿಗೂ ಇದರಿಂದ ಅನುಕೂಲವಾಗಬಹುದು.

ಬೋಧಕ, ಇಂಜಿನಿಯರಿಂಗ್ ಕಾಲೇಜು

ದಯವಿಟ್ಟು ಹಾಗೆ ಮಾಡಬೇಡಿ. ಮಾಲೀಕರ ಅನುಮತಿಯಿಲ್ಲದೆ ಬೇರೆಯವರ ಯಂತ್ರಕ್ಕೆ ಆ ಪಾಸ್‌ವರ್ಡ್ ಹಾಕಿ ನೋಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 43ರ ಅಡಿ ಬರುತ್ತದೆ, ದುರುದ್ದೇಶವಿತ್ತೆಂದು ಸಾಬೀತಾದರೆ ಕಲಂ 66ರಂತೆ ಮೂರು ವರ್ಷದವರೆಗೆ ಸೆರೆಮನೆವಾಸವೂ ಆಗಬಹುದು. ಒಳ್ಳೆಯ ಉದ್ದೇಶವನ್ನು ಠಾಣೆಯಲ್ಲಿ ಕುಳಿತು ವಿವರಿಸುವ ಪ್ರಸಂಗ ನಿಮಗೆ ಬಾರದಿರಲಿ. ಕಾರ್ಯದರ್ಶಿಯಿಂದ ಲಿಖಿತ ಅನುಮತಿ ಪಡೆದು, ಅವರ ಎದುರಿನಲ್ಲೇ ಕುಳಿತು ಪರೀಕ್ಷಿಸಿ. ನಮ್ಮ ಹುಡುಗರಿಗೆ ದಾಳಿ ಮಾಡುವ ವಿದ್ಯೆಯಲ್ಲಿರುವ ಆಸಕ್ತಿ, ನಾಲ್ಕು ಪುಟದ ಅನುಮತಿ ಪತ್ರ ಬರೆಯುವುದರಲ್ಲಿ ಇಲ್ಲ ಎಂಬುದು ನನ್ನ ಹಳೆಯ ದೂರು.

ಸಂಘದ ಕಾರ್ಯದರ್ಶಿ, ತೀರ್ಥಹಳ್ಳಿ ತಾಲ್ಲೂಕು

ಇಷ್ಟು ಓದಿದ ಮೇಲೆ ನನ್ನದೊಂದು ಸಲಹೆಯಿದೆ. ನಮ್ಮ ಸಂಘದಲ್ಲಿ ಚಿನ್ನದ ಸಾಲದ ಒಡವೆ ಇಡುವ ತಿಜೋರಿಗೆ ಎರಡು ಕೀಲಿಗಳಿವೆ. ಒಂದು ನನ್ನ ಬಳಿ, ಇನ್ನೊಂದು ಗುಮಾಸ್ತರ ಬಳಿ. ಇಬ್ಬರೂ ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ನನ್ನ ಮೇಲೆ ಆಡಳಿತ ಮಂಡಳಿಗೆ ಅಪನಂಬಿಕೆಯಿದೆ ಎಂದು ನಾನು ಯಾವತ್ತೂ ಬೇಸರಪಟ್ಟುಕೊಂಡಿಲ್ಲ. ಒಂದು ವೇಳೆ ಲೆಕ್ಕ ತಪ್ಪಿದರೆ ಆ ಎರಡನೆಯ ಕೀಲಿಯೇ ನನ್ನನ್ನು ಕಾಪಾಡುತ್ತದೆ. ನೀವು ದೂರದಿಂದ ನಮ್ಮ ಯಂತ್ರವನ್ನು ಮುಟ್ಟುವ ಸಾಧನ ಮಾಡುವುದೇ ಆದರೆ ಅದನ್ನು ಹೀಗೆಯೇ ಮಾಡಲು ಬರುವುದಿಲ್ಲವೇ? ನೀವು ಕೇಳಬೇಕು, ನಾವು ಇಲ್ಲಿ ಒಪ್ಪಿಗೆ ಒತ್ತಬೇಕು, ಕೆಲಸ ಮುಗಿದ ಮೇಲೆ ದಾರಿ ತಾನಾಗಿ ಮುಚ್ಚಿಕೊಳ್ಳಬೇಕು, ಏನು ಮಾಡಿದಿರಿ ಎಂಬುದು ನಮ್ಮ ಪುಸ್ತಕದಲ್ಲಿ ಉಳಿಯಬೇಕು.

ವರದಿಯ ಬಗ್ಗೆಯೂ ಒಂದು ಮಾತು. ಬೇರೆ ಕಂಪನಿಯೊಂದರ ಪ್ರತಿನಿಧಿ ಒಮ್ಮೆ ಬಂದು, ತಿಂಗಳಿಗೆ ಸಾವಿರಾರು ದಾಳಿಗಳನ್ನು ತಡೆದಿದ್ದೇವೆಂಬ ಬಣ್ಣಬಣ್ಣದ ನಕ್ಷೆ ತೋರಿಸಿದರು. ಅದನ್ನು ನಾನು ಸಭೆಯಲ್ಲಿ ಓದಿದರೆ ನಿರ್ದೇಶಕರು ಬೆದರುತ್ತಾರೆ, ಇಲ್ಲವೇ ನಗುತ್ತಾರೆ. ನನಗೆ ಬೇಕಾದದ್ದು ಕನ್ನಡದಲ್ಲಿ ಒಂದು ಹಾಳೆ: ಈ ತಿಂಗಳು ಯಾವ ದಾರಿ ಮುಚ್ಚಿತು, ಯಾವುದು ಇನ್ನೂ ತೆರೆದಿದೆ, ಅದನ್ನು ಯಾರು ಮುಚ್ಚಬೇಕು, ಎಷ್ಟು ಖರ್ಚು. ಹಾಗೆ ಬರೆದರೆ ಸೆಪ್ಟೆಂಬರಿನ ಸರ್ವಸದಸ್ಯರ ಸಭೆಯಲ್ಲಿ ಅದನ್ನೇ ಇಟ್ಟು ಹಣ ಮಂಜೂರು ಮಾಡಿಸುವುದು ನನ್ನ ಜವಾಬ್ದಾರಿ.

ನನ್ನ ಪರದೆಯ ಚೀಟಿಯನ್ನು ನಿನ್ನೆಯೇ ಕಿತ್ತಿದ್ದೇನೆ. ಜಿಮೇಲ್ ಖಾತೆಗಾಗಿ ಹಿಂದಿನ ಕಾರ್ಯದರ್ಶಿಯವರಿಗೆ ಫೋನ್ ಮಾಡಿದೆ, ಅವರು ಒಟಿಪಿ ಓದಿ ಹೇಳಿದರು, ಸಂಖ್ಯೆ ಬದಲಾಯಿಸಿದ್ದಾಯಿತು. ಮೂರು ನಿಮಿಷದ ಕೆಲಸ, ಎರಡು ವರ್ಷ ಹಿಡಿಯಿತು.

ಕೊಪ್ಪದಿಂದ ದೂರಕೆಲಸ

ಎರಡು ಕೀಲಿಯ ಸಲಹೆಯನ್ನು ನಾನು ಪೂರ್ತಿ ಒಪ್ಪುತ್ತೇನೆ, ಇದಕ್ಕೆ ಮೂರು ಸೇರ್ಪಡೆಗಳು. ನಿಮ್ಮ ಅಪ್‌ಡೇಟುಗಳು ಮೊದಲು ನಿಮ್ಮದೇ ಯಂತ್ರಗಳ ಮೇಲೆ, ಆಮೇಲೆ ಎರಡು ಕಚೇರಿಗಳಲ್ಲಿ, ಒಂದು ವಾರ ಬಿಟ್ಟು ಉಳಿದ ಕಡೆ ಹೋಗಲಿ. ಅಪ್‌ಡೇಟ್ ನಿಮ್ಮದೇ ಎಂದು ತೋರಿಸುವ ಡಿಜಿಟಲ್ ಸಹಿಯ ಕೀಲಿಯು ಇಂಟರ್ನೆಟ್ಟಿಗೆ ಜೋಡಿಸಿದ ಯಾವ ಯಂತ್ರದಲ್ಲೂ ಇರದೆ ಪ್ರತ್ಯೇಕ ಟೋಕನ್ನಿನಲ್ಲಿರಲಿ, ಮತ್ತು ಆ ಟೋಕನ್ ದಿನವಿಡೀ ಚುಚ್ಚಿಕೊಂಡಿರದಿರಲಿ. ನಿಮ್ಮ ಕಂಪನಿ ಮುಚ್ಚಿಹೋದರೆ ಕಚೇರಿಗಳು ನಿಮ್ಮಿಂದ ಬಿಡಿಸಿಕೊಳ್ಳುವ ಬಗೆಯನ್ನು ಒಪ್ಪಂದದಲ್ಲೇ ಬರೆದುಕೊಡಿ. ಆರು ಜನರ ಕಂಪನಿಯಲ್ಲಿ ಇಬ್ಬರಿಗೆ ಬೆಂಗಳೂರಿನಿಂದ ಕರೆ ಬಂದರೆ ಏನಾಗುತ್ತದೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ತುಂಗಾತಟ, ಶಿವಮೊಗ್ಗ

ಕಳೆದ ವರ್ಷ ಒಬ್ಬರಿಗೆ ಬಂತು, ಅವರು ಹೋದರು, ಅವರ ಜಾಗಕ್ಕೆ ಬಂದವರೇ ಈಗಿನ ಆರನೆಯವರು.

ನಿನ್ನೆ ಸಂಜೆ ಇಲ್ಲಿಯ ಮಾತುಗಳನ್ನೆಲ್ಲ ಅಚ್ಚು ಹಾಕಿಕೊಂಡು ಆರೂ ಜನ ಕುಳಿತೆವು. ಪೂರ್ಣ ಪ್ರಮಾಣದ ರಕ್ಷಕ ತಂತ್ರಾಂಶವನ್ನು ನಾವು ಮಾಡುವುದಿಲ್ಲ. ಬೇಕಾದವರಿಗೆ ವಿಂಡೋಸಿನ ಜೊತೆಗೇ ಬರುವ ಡಿಫೆಂಡರನ್ನು ಸರಿಯಾಗಿ ಹೊಂದಿಸಿಕೊಡುತ್ತೇವೆ. ಅದು ಎಷ್ಟೋ ಕಚೇರಿಗಳಲ್ಲಿ ಸುಮ್ಮನೆ ಬಂದ್ ಮಾಡಿಡಲಾಗಿದೆ. ಮೇಲೆ ನಾನು ಯಾವ ಕಡೆಯವನೆಂದು ಹೇಳಿರಲಿಲ್ಲ, ಈಗ ಹೇಳಬಹುದು: ನಾನು ಮಾಡೋಣ ಎಂದವರಲ್ಲೊಬ್ಬ. ಅದರಲ್ಲಿ ಆದಾಯವಿತ್ತು, ಅದನ್ನು ಬಿಟ್ಟದ್ದು ನಮ್ಮ ಈ ವರ್ಷದ ಲೆಕ್ಕಕ್ಕೆ ಖಂಡಿತ ತಟ್ಟುತ್ತದೆ.

ದೂರದಿಂದ ಮುಟ್ಟುವ ಸೌಲಭ್ಯವನ್ನು ಕಾರ್ಯದರ್ಶಿಯವರು ಹೇಳಿದ ಎರಡು ಕೀಲಿಯ ಕ್ರಮದಲ್ಲಿ ಮಾತ್ರ ಮಾಡುತ್ತೇವೆ. ತಿಂಗಳ ವರದಿಯನ್ನು ಒಂದು ಹಾಳೆಗೆ 
ಇಳಿಸುತ್ತಿದ್ದೇವೆ, ತಡೆದ ದಾಳಿಗಳ ಎಣಿಕೆಯನ್ನು ಅದರಿಂದ ತೆಗೆದಿದ್ದೇವೆ. ಆ ಎಣಿಕೆಯಲ್ಲಿ ಹೆಚ್ಚಿನ ಪಾಲು ಇಂಟರ್ನೆಟ್ಟಿನಲ್ಲಿ ಹಗಲಿರುಳೂ ನಡೆಯುವ ಯಾಂತ್ರಿಕ ಸ್ಕ್ಯಾನುಗಳೇ ಆಗಿದ್ದವು, ಅದನ್ನು ತೋರಿಸಿ ಹೆಮ್ಮೆಪಟ್ಟದ್ದು ನಮ್ಮ ತಪ್ಪು. ಖಾತೆ ಬದಲಾವಣೆಯ ಇಮೇಲ್ ಬಂದರೆ ಹಳೆಯ ಸಂಖ್ಯೆಗೆ ಕರೆ ಮಾಡಬೇಕೆಂಬ ಮಂಡಿಯ ಯಜಮಾನರ ಕ್ರಮವನ್ನು, ಅವರ ಅನುಮತಿಯೊಂದಿಗೆ, ಎಲ್ಲ ಕಚೇರಿಗಳ ಗೋಡೆಗೆ ಹಾಕುವ ಹಾಳೆಯಲ್ಲಿ ಮೊದಲನೆಯದಾಗಿ ಅಚ್ಚು ಹಾಕಿಸುತ್ತೇವೆ. ಡಿಎನ್‌ಎಸ್ ಸೋಸುವಿಕೆಯ ಬೆಲೆ ಎಷ್ಟಿರಬೇಕೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ, ಆ ಜಗಳ ಮುಂದುವರಿದಿದೆ.

ಯಂತ್ರ ದುರಸ್ತಿ, ಸಾಗರ

ಬರುವ ಎರಡನೇ ಶನಿವಾರ ಇಲ್ಲಿಯ ಸಂಘವೊಂದರಲ್ಲಿ ಬ್ಯಾಕಪ್ ಮರಳಿ ತರುವ ಪರೀಕ್ಷೆಗೆ ನಾನು ಒಪ್ಪಿಗೆ ಪಡೆದಿದ್ದೇನೆ, ಲಿಖಿತವಾಗಿಯೇ. ತುಂಗಾತಟ ಅವರು ಖಾಲಿ ಯಂತ್ರವೊಂದನ್ನು ತರಲಿ. ಯುಪಿಎಸ್ ಕೂಡ ತನ್ನಿ, ಮಧ್ಯಾಹ್ನದ ಮೇಲೆ ಗುಡುಗು ಶುರುವಾಗುತ್ತಿದೆ. ವಿದ್ಯಾರ್ಥಿ ಮಿತ್ರರು ಇಬ್ಬರು ಬರುವುದಾದರೆ ಬರಲಿ, ಊಟದ ವ್ಯವಸ್ಥೆಯಿದೆ. ಒಂದು ಪ್ರಶ್ನೆ ಮಾತ್ರ ಉಳಿದಿದೆ: ಎರಡನೆಯ ಬ್ಯಾಕಪ್ ಡಿಸ್ಕನ್ನು ಕಚೇರಿಯಿಂದ ಹೊರಗೆ ಯಾರ ಮನೆಯಲ್ಲಿ ಇಡಬೇಕು?

ಸಂಘದ ಕಾರ್ಯದರ್ಶಿ, ತೀರ್ಥಹಳ್ಳಿ ತಾಲ್ಲೂಕು

ಯಾರ ಮನೆಯಲ್ಲೂ ಬೇಡ. ನಾವು ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನ ಶಾಖೆಗೆ ವಾರಕ್ಕೊಮ್ಮೆ ನಗದು ಕಟ್ಟಲು ಹೋಗುತ್ತೇವೆ, ಅಲ್ಲಿಯ ಲಾಕರಿನಲ್ಲಿ ಇಡುವ ಯೋಚನೆಯಿದೆ. ಡಿಸ್ಕನ್ನು ಗೂಢಲಿಪಿಯಲ್ಲಿಟ್ಟು, ಅದರ ಪಾಸ್‌ವರ್ಡನ್ನು ಎರಡು ತುಂಡು ಮಾಡಿ, ಒಂದನ್ನು ನಾನು, ಇನ್ನೊಂದನ್ನು ಅಧ್ಯಕ್ಷರು ಮುಚ್ಚಿದ ಲಕೋಟೆಯಲ್ಲಿ ಇಟ್ಟುಕೊಳ್ಳುತ್ತೇವೆ. ಲಾಕರಿನೊಳಗೆ ಬೂಷ್ಟು ಹಿಡಿಯದಂತೆ ಏನು ಹಾಕಬೇಕೆಂದು ಸಾಗರದವರು ತಿಳಿಸಿದರೆ ಉಪಕಾರವಾಗುತ್ತದೆ.

ಯಂತ್ರ ದುರಸ್ತಿ, ಸಾಗರ

ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ ಎರಡು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೊಟ್ಟಣ ಬದಲಾಯಿಸಿ. ಶನಿವಾರ ಬರುವಾಗ ನಿಮಗೂ ನಾಲ್ಕು ತಂದಿಟ್ಟಿರುತ್ತೇನೆ.